ಲಿಯರ್ ಮಹಾರಾಜನ ಪಾತ್ರ ಹಿರಿಯ ನಟಿಗೆ ಯಾಕೆ ಬೇಡ?

ಹೋದ ಸಂಚಿಕೆಯಲ್ಲಿ ಗ್ಲೆಂಡಾ ಜಾಕ್ಸನ್ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಬ್ರಿಟನ್ನಿನ ಹಿರಿಯ ನಟಿ. 2016ರಲ್ಲಿ, 80ನೇ ವಯಸ್ಸಿನಲ್ಲಿ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ಕಿಂಗ್ ಲಿಯರ್ ಪಾತ್ರ ಮಾಡಿದವರು. ಅದಕ್ಕೆ ಬೆಂಗಳೂರಿನ ರಂಗಾಸಕ್ತರಿಂದ ಪತ್ರಗಳು ಬಂದಿವೆ. ಕೆಲವರಿಗೆ ಖುಷಿ, ಕೆಲವರಿಗೆ ಕೋಪ. ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಇದೇ ವಿಷಯಕ್ಕೆ.

ಪ್ರ: ಲಿಯರ್ ಅಂದರೆ ಮೂರು ಹೆಣ್ಣುಮಕ್ಕಳ ಅಪ್ಪ. ಅಪ್ಪನ ಪಾತ್ರ ಗಂಡಸೇ ಮಾಡಬೇಕು. ಗಂಡು ನಟರಿಗೆ ಬರ ಬಂದಿದೆಯಾ? ಇದೆಲ್ಲ ಸುದ್ದಿಯಾಗಲಿ ಅಂತ ಮಾಡುವುದು ಅನ್ನಿಸುತ್ತದೆ.
— ರಾಜಾಜಿನಗರದ ಓದುಗರು

ಉ: ಸುದ್ದಿಗಾಗಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜಾಕ್ಸನ್ ಅವರ ಬದುಕು ನೋಡಿ. ಎರಡು ಆಸ್ಕರ್ ಗೆದ್ದಿದ್ದವರು, 1992ರಲ್ಲಿ ನಟನೆ ಬಿಟ್ಟು ಚುನಾವಣೆಗೆ ನಿಂತರು. 2015ರವರೆಗೆ ಲೇಬರ್ ಪಕ್ಷದ ಸಂಸದೆ. ಹತ್ತಿರ ಹತ್ತಿರ 25 ವರ್ಷ ರಂಗಭೂಮಿಯ ಕಡೆ ಬರಲೇ ಇಲ್ಲ. ವಾಪಸ್ ಬಂದಾಗ ಯಾವುದಾದರೂ ಅಜ್ಜಿ ಪಾತ್ರ ಮಾಡಿದ್ದರೂ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅವರು ತೆಗೆದುಕೊಂಡದ್ದು ಮೂರು ಗಂಟೆಗೂ ಮೀರಿದ, ಗಂಟಲು ಮತ್ತು ಮೈ ಎರಡನ್ನೂ ಹಿಂಡಿಬಿಡುವ ಲಿಯರ್. ಅಷ್ಟಕ್ಕೇ ನಿಲ್ಲಿಸಲಿಲ್ಲ, 2019ರಲ್ಲಿ 82ನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಗಿ ಬೇರೆ ನಿರ್ದೇಶಕರ ಜೊತೆ ಅದೇ ಪಾತ್ರವನ್ನು ಹೊಸದಾಗಿ ಮಾಡಿದರು. ಸುದ್ದಿಗಾಗಿ ಯಾರೂ ಇಷ್ಟು ಕಷ್ಟ ಪಡುವುದಿಲ್ಲ.

ಇನ್ನು ಗಂಡಸೇ ಮಾಡಬೇಕು ಅನ್ನುವ ಮಾತು. ಲಿಯರ್ ನಾಟಕದ ದಾಖಲೆಯಲ್ಲಿರುವ ಮೊದಲ ಪ್ರದರ್ಶನ 1606ರ ಡಿಸೆಂಬರ್ 26ರಂದು, ವೈಟ್‌ಹಾಲ್ ಅರಮನೆಯಲ್ಲಿ, ದೊರೆ ಜೇಮ್ಸ್ ಎದುರು ನಡೆಯಿತು. ಶೇಕ್ಸ್‌ಪಿಯರನ ತಂಡದಲ್ಲಿ ಲಿಯರ್ ಮಾಡುತ್ತಿದ್ದ ರಿಚರ್ಡ್ ಬರ್ಬೇಜ್‌ಗೆ ಆಗ ಇನ್ನೂ 40 ತುಂಬಿರಲಿಲ್ಲ. ಮೂವರು ಹೆಣ್ಣುಮಕ್ಕಳಾಗಿ ಸೀರೆ ಬದಲು ಗೌನು ಉಟ್ಟು ನಿಂತವರು ಹುಡುಗರು. ಇಂಗ್ಲೆಂಡಿನ ವೃತ್ತಿರಂಗದ ಮೇಲೆ ಹೆಣ್ಣು ನಟಿಸಲು ಶುರುವಾದದ್ದೇ 1660ರಲ್ಲಿ, ಶೇಕ್ಸ್‌ಪಿಯರ್ ಸತ್ತು 44 ವರ್ಷ ಆದ ಮೇಲೆ. ಅಂದರೆ ಆ ನಾಟಕವನ್ನು ಮೊದಲು ನೋಡಿದ ಜನ 38ರ ಆಸುಪಾಸಿನ ಗಂಡಸನ್ನು 80ರ ಮುದುಕ ಅಂತ ಒಪ್ಪಿದರು, ಹುಡುಗನನ್ನು ರಾಜಕುಮಾರಿ ಅಂತ ಒಪ್ಪಿದರು. ಲಿಯರ್ ನಾಟಕದಲ್ಲೇ ತನಗೆ 80 ದಾಟಿದೆ ಅನ್ನುತ್ತಾನೆ. ಓಲ್ಡ್ ವಿಕ್‌ನಲ್ಲಿ ಆ ಮಾತು ಆಡಿದಾಗ ಜಾಕ್ಸನ್ ಅವರ ನಿಜವಾದ ವಯಸ್ಸೂ 80. ಬರ್ಬೇಜ್‌ಗಿಂತ ಅವರೇ ಪಾತ್ರಕ್ಕೆ ಹತ್ತಿರ ಅಲ್ವಾ?

ಸಂಸದೆಯಾಗಿದ್ದಾಗ ಜಾಕ್ಸನ್ ವೃದ್ಧಾಶ್ರಮಗಳಿಗೆ ಹೋಗುತ್ತಿದ್ದರು. ವಯಸ್ಸಾದಂತೆ ಗಂಡು ಹೆಣ್ಣು ಅನ್ನುವ ಗೆರೆ ಮಸುಕಾಗುತ್ತಾ ಹೋಗುತ್ತದೆ ಅಂತ ಅಲ್ಲಿ ಅನ್ನಿಸಿದ್ದನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ನನಗೆ ಇಡೀ ವಿಷಯದ ಜೀವ ಇರುವುದು ಇಲ್ಲೇ. ಲಿಯರ್ ರಾಜ್ಯ ಹಂಚಿಬಿಡುತ್ತಾನೆ, ಆದರೆ ಗೌರವ ಮಾತ್ರ ಹಳೆಯದೇ ಬೇಕು ಅನ್ನುತ್ತಾನೆ. ಜೊತೆಗೆ ನೂರು ಮಂದಿ ಸರದಾರರು ಇರಬೇಕು ಅಂತ ಕರಾರು. ಹಿರಿಯ ಮಗಳು ಐವತ್ತು ಸಾಕು ಅನ್ನುತ್ತಾಳೆ. ಎರಡನೆಯವಳು ಇಪ್ಪತ್ತೈದು ಅನ್ನುತ್ತಾಳೆ. ಆಮೇಲೆ ಹತ್ತು ಯಾಕೆ, ಐದು ಯಾಕೆ, ಒಬ್ಬನಾದರೂ ಯಾಕೆ ಅನ್ನುವವರೆಗೂ ಇಬ್ಬರೂ ಸೇರಿ ಇಳಿಸುತ್ತಾರೆ. ಕಟ್ಟಿಸಿದ ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟು, ಹಾಲ್‌ನಿಂದ ಹಿಂದಿನ ರೂಮಿಗೆ, ಅಲ್ಲಿಂದ ಇನ್ನೊಬ್ಬ ಮಗಳ ಮನೆಗೆ ಸರಿಯುತ್ತಾ ಹೋದ ಹಿರಿಯರು ನಿಮ್ಮ ರಾಜಾಜಿನಗರದಲ್ಲೂ ಇದ್ದಾರೆ. ಅವರಲ್ಲಿ ಅಪ್ಪಂದಿರು ಎಷ್ಟೋ ಅಮ್ಮಂದಿರೂ ಅಷ್ಟೇ. ಹೀಗಾಗುತ್ತದೆ ಅಂತಲೇ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಮಕ್ಕಳು ನೋಡಿಕೊಳ್ಳದಿದ್ದರೆ ವಾಪಸ್ ಕೇಳುವ ದಾರಿ ಇಟ್ಟಿದ್ದಾರೆ. ಆ ಅವಮಾನ ಅನುಭವಿಸಲು ಗಂಡಸೇ ಆಗಿರಬೇಕಾಗಿಲ್ಲ.

ಪ್ರ: ಹೀಗೆ ಮಾಡಿದವರಲ್ಲಿ ಗ್ಲೆಂಡಾ ಜಾಕ್ಸನ್ ಮೊದಲಿಗರಾ?
— ಜಯನಗರದ ಕಾಲೇಜು ವಿದ್ಯಾರ್ಥಿನಿ

ಉ: ಅಲ್ಲ, ದೊಡ್ಡ ಸಾಲೇ ಇದೆ. ಸಾರಾ ಸಿಡನ್ಸ್ 18ನೇ ಶತಮಾನದಲ್ಲೇ ಹ್ಯಾಮ್ಲೆಟ್ ಆಗಿದ್ದರು. ಫ್ರಾನ್ಸಿನ ಸಾರಾ ಬರ್ನಾರ್ಡ್ 1899ರಲ್ಲಿ, 54ನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲೂ ಲಂಡನ್ನಿನಲ್ಲೂ ಹ್ಯಾಮ್ಲೆಟ್ ಮಾಡಿದರು. ಅವರ ಕತ್ತಿವರಸೆಯ ದೃಶ್ಯವನ್ನು 1900ರಲ್ಲಿ ಚಿಕ್ಕ ಫಿಲ್ಮ್ ಆಗಿ ತೆಗೆದಿದ್ದಾರೆ, ಇವತ್ತಿಗೂ ನೋಡಲು ಸಿಗುತ್ತದೆ. ಜುಡಿತ್ ಆಂಡರ್ಸನ್ 70 ದಾಟಿದ ಮೇಲೆ ಹ್ಯಾಮ್ಲೆಟ್ ಆದರು. ಫಿಯೋನಾ ಶಾ 1995ರಲ್ಲಿ ಶೇಕ್ಸ್‌ಪಿಯರನ ದೊರೆ ಎರಡನೇ ರಿಚರ್ಡ್ ಆದರು, ಅದರ ನಿರ್ದೇಶಕಿ ಡೆಬೊರಾ ವಾರ್ನರ್. ಇದೇ ವಾರ್ನರ್ 21 ವರ್ಷ ಆದ ಮೇಲೆ ಓಲ್ಡ್ ವಿಕ್‌ನಲ್ಲಿ ಜಾಕ್ಸನ್ ಅವರ ಲಿಯರ್ ನಿರ್ದೇಶಿಸಿದರು. ಕ್ಯಾಥರಿನ್ ಹಂಟರ್ 1997ರಲ್ಲೇ ಲಿಯರ್ ಮಾಡಿದ್ದರು, 2022ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಮತ್ತೆ ಮಾಡಿದರು.

ನಿಮ್ಮ ವಯಸ್ಸಿನವರು ಹುಡುಕಿ ನೋಡಬೇಕಾದದ್ದು ಹ್ಯಾರಿಯೆಟ್ ವಾಲ್ಟರ್ ಅವರ ಕೆಲಸ. ಶೇಕ್ಸ್‌ಪಿಯರನ ಮೂರು ನಾಟಕಗಳ ಗಂಡು ಪಾತ್ರ ಮಾಡಿದರು, 2012ರಲ್ಲಿ ಬ್ರೂಟಸ್, 2014ರಲ್ಲಿ ನಾಲ್ಕನೇ ಹೆನ್ರಿ, 2016ರಲ್ಲಿ ಪ್ರಾಸ್ಪೆರೊ. ಮೂರರಲ್ಲೂ ಎಲ್ಲ ಪಾತ್ರವನ್ನೂ ಹೆಂಗಸರೇ ಮಾಡಿದರು. ಹೆಣ್ಣುಮಕ್ಕಳ ಜೈಲಿನಲ್ಲಿ ಕೈದಿಗಳು ಸೇರಿ ಶೇಕ್ಸ್‌ಪಿಯರ್ ಆಡುತ್ತಿದ್ದಾರೆ ಅನ್ನುವ ಚೌಕಟ್ಟು. ನಮಗೆ ಇದು ಅಷ್ಟು ದೂರದ್ದೇನೂ ಅಲ್ಲ. ಮ್ಯಾಕ್‌ಬೆತ್‌ನ ಕನ್ನಡ ರೂಪ, ಎಚ್. ಎಸ್. ಶಿವಪ್ರಕಾಶರ 'ಮಾರನಾಯಕ'ವನ್ನು ಮೈಸೂರು ಜೈಲಿನ ನಿಜವಾದ ಕೈದಿಗಳಿಂದ ಹುಲುಗಪ್ಪ ಕಟ್ಟೀಮನಿ ಆಡಿಸಿದ್ದಾರೆ.

ಪ್ರ: ಹೆಂಗಸರು ಗಂಡು ವೇಷ ಹಾಕುವುದು ಅವರ ಕಡೆಯ ಫ್ಯಾಷನ್. ನಮ್ಮ ರಂಗಭೂಮಿಗೆ ಇದು ಒಗ್ಗುವುದಿಲ್ಲ. ನಾನು 50 ವರ್ಷದಿಂದ ನಾಟಕ ನೋಡುತ್ತಿದ್ದೇನೆ.
— ಹನುಮಂತನಗರದ ಹಿರಿಯ ಓದುಗರು

ಉ: 50 ವರ್ಷದಿಂದ ನೋಡುತ್ತಿದ್ದೀರಿ ಅಂದರೆ ಆರ್. ನಾಗರತ್ನಮ್ಮ ಅವರ ಹೆಸರು ನಿಮಗೆ ನೆನಪಾಗಲೇಬೇಕು ಸರ್.

ಗುಬ್ಬಿ ಕಂಪನಿಯಂಥ ವೃತ್ತಿ ಕಂಪನಿಗಳಲ್ಲಿ ಪಳಗಿದ ನಾಗರತ್ನಮ್ಮ 1958ರಲ್ಲಿ ಇದೇ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲರೂ ಹೆಂಗಸರೇ. ರಾಜ, ರಾಕ್ಷಸ, ಮಂತ್ರಿ, ದೂತ, ಯಾವ ಪಾತ್ರವಾದರೂ ಹೆಂಗಸರದ್ದೇ. ನಾಗರತ್ನಮ್ಮ ಅವರು ಕಂಸ ಆದರು, ರಾವಣ ಆದರು, ದುರ್ಯೋಧನ ಆದರು. ಬರೀ ಮೀಸೆ ಅಂಟಿಸಿಕೊಂಡು ಬಂದು ನಿಂತದ್ದಲ್ಲ. ಕಂಪನಿ ನಾಟಕದ ಕಂಸನಿಗೆ ಕಿರೀಟ, ಭುಜಕೀರ್ತಿ, ಗದೆಯ ಭಾರ ಹೊತ್ತುಕೊಂಡು ಹಾಡಬೇಕು, ಕೊನೆಯ ಸಾಲಿಗೂ ಕೇಳುವ ಹಾಗೆ ಅಬ್ಬರಿಸಬೇಕು, ಮರುಗಳಿಗೆ ಸಾವಿನ ಭಯದಲ್ಲಿ ನಡುಗಬೇಕು. ಅದನ್ನು ಒಂದು ಊರಲ್ಲ, ಒಂದು ಸೀಸನ್ ಅಲ್ಲ, ದಶಕಗಳ ಕಾಲ ಊರೂರು ತಿರುಗಿ ಮಾಡಿದರು. ಹಳ್ಳಿಯ ಜನ, ಪೇಟೆಯ ಜನ ಟಿಕೆಟ್ ಕೊಂಡು ನೋಡಿದರು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು.

ಜಾಕ್ಸನ್ ಲಿಯರ್ ಆಗುವುದಕ್ಕಿಂತ ಅರ್ಧ ಶತಮಾನಕ್ಕೂ ಹೆಚ್ಚು ಮುಂಚೆ ಬೆಂಗಳೂರಿನ ಹೆಣ್ಣುಮಗಳೊಬ್ಬರು ಗಂಡು ಪಾತ್ರವನ್ನೇ ತಮ್ಮ ಹೊಟ್ಟೆಪಾಡು ಮಾಡಿಕೊಂಡಿದ್ದರು. ಪೂರ್ತಿ ತಂಡವನ್ನು ಅದರ ಮೇಲೆ ಸಾಕಿದ್ದರು. ಆದರೂ ಲಂಡನ್ನಿನ ವಿಷಯ ಬಂದಾಗ ನಾವು ಇದನ್ನು ಹೊಸದು ಅನ್ನುತ್ತೇವೆ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಇನ್ನೊಂದು ಮಾತು. ಏಣಗಿ ಬಾಳಪ್ಪನವರು ಹರೆಯದಲ್ಲಿ ಮಾಡಿದ ಹೆಣ್ಣು ಪಾತ್ರಗಳನ್ನು ನಾವು ಹೊಗಳುತ್ತೇವೆ, ಯಕ್ಷಗಾನದ ಸ್ತ್ರೀವೇಷಕ್ಕೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಗಂಡಸು ದ್ರೌಪದಿ ಆದರೆ ಅದು ಕಲೆ, ಹೆಂಗಸು ದುರ್ಯೋಧನ ಆದರೆ ಅದು ಫ್ಯಾಷನ್. ಈ ಲೆಕ್ಕ ನನಗೆ ಸರಿ ಕಾಣುವುದಿಲ್ಲ.

ಪ್ರ: ನಮ್ಮದು ಹವ್ಯಾಸಿ ತಂಡ. ಲಿಯರ್ ಮಾಡಬೇಕು ಅಂತಿದ್ದೇವೆ. ನಮ್ಮ ತಂಡದಲ್ಲಿ ಅತ್ಯುತ್ತಮ ಹಿರಿಯ ಕಲಾವಿದರು ಒಬ್ಬ ನಟಿ. ಪಾತ್ರವನ್ನು ಮಹಾರಾಣಿ ಅಂತ ಬದಲಿಸಬೇಕಾ, ಮಹಾರಾಜ ಅಂತಲೇ ಇಡಬೇಕಾ? ತಂಡದಲ್ಲಿ ಎರಡು ಗುಂಪಾಗಿದೆ.
— ವಿಜಯನಗರದ ರಂಗತಂಡದ ಸದಸ್ಯರು

ಉ: ಮಹಾರಾಜ ಅಂತಲೇ ಇಡಿ. ಬೇರೆ ನಾಟಕ ಆಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

'ದಿ ಟೆಂಪೆಸ್ಟ್' ತೆಗೆದುಕೊಳ್ಳಿ. ಜೂಲಿ ಟೇಮರ್ 2010ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಗಡಿಪಾರಾದ ಮಾಂತ್ರಿಕ ಪ್ರಾಸ್ಪೆರೊನನ್ನು ಪ್ರಾಸ್ಪೆರಾ ಅಂತ ಮಾಡಿ ಹೆಲೆನ್ ಮಿರೆನ್ ಅವರಿಗೆ ಕೊಟ್ಟರು. ಅಲ್ಲಿ ಅಪ್ಪ ಮಗಳ ಜಾಗದಲ್ಲಿ ತಾಯಿ ಮಗಳು ಬಂದರೂ ಕಥೆ ಕುಂಟುವುದಿಲ್ಲ. ವಿದ್ಯೆ ಕಲಿತ ಹೆಣ್ಣನ್ನು ಮಾಟಗಾತಿ ಅಂತ ಹೆಸರಿಟ್ಟು ಗಡಿಪಾರು ಮಾಡುವುದು ಎಲ್ಲರಿಗೂ ಅರ್ಥವಾಗುವ ಕಥೆ. ಲಿಯರ್ ಹಾಗಲ್ಲ. ಲಿಯರ್ ತನ್ನ ಕಣ್ಣೀರಿಗೇ ಹೆದರುವ ಮನುಷ್ಯ. ಇಬ್ಬರು ಮಕ್ಕಳೂ ಬಾಗಿಲು ಹಾಕುವ ಹೊತ್ತಿನಲ್ಲಿ ಅವನು ದೇವರನ್ನು ಬೇಡುವುದು ಏನು ಗೊತ್ತಾ? ಹೆಂಗಸರ ಆಯುಧವಾದ ಕಣ್ಣೀರು ನನ್ನ ಗಂಡು ಕೆನ್ನೆಯ ಮೇಲೆ ಹರಿಯದಿರಲಿ ಅಂತ. ಅತ್ತರೆ ಹೆಣ್ಣಾಗಿಬಿಡುತ್ತೇನೆ ಅನ್ನುವ ಭಯ. ಈ ಮಾತನ್ನು ಮಹಾರಾಣಿಯ ಬಾಯಲ್ಲಿ ಇಟ್ಟರೆ ಸತ್ತುಹೋಗುತ್ತದೆ. ಆದರೆ ಹಿರಿಯ ನಟಿಯೊಬ್ಬರು ಗಂಡಾಗಿ ನಿಂತು, ಗಂಡಸಿನ ಆ ಭಯವನ್ನು ಒಳಗಿನಿಂದ ತೋರಿಸಿದರೆ ಹೇಗಿರುತ್ತದೆ ಯೋಚಿಸಿ. ಪ್ರೇಕ್ಷಕರಿಗೆ ಒಂದೇ ಮುಖದಲ್ಲಿ ಎರಡೂ ಕಾಣುತ್ತವೆ. ಹಿರಿಯ ಮಗಳ ಗರ್ಭ ಒಣಗಲಿ ಅಂತ ಅವನು ಶಾಪ ಹಾಕುವ ಮಾತೂ ಅಷ್ಟೇ. ಅಪ್ಪನ ಅಧಿಕಾರದ ಸೊಕ್ಕು ಅದರಲ್ಲಿದೆ. ಅದು ತಾಯಿಯ ಶಾಪ ಆದರೆ ಇಡೀ ನಾಟಕ ಬೇರೆ ಕಡೆ ಹೊರಳುತ್ತದೆ. ಆ ನಾಟಕವೂ ಚೆನ್ನಾಗಿರಬಹುದು, ಆದರೆ ನೀವು ಮಾಡಲು ಹೊರಟಿರುವುದು ಅದಲ್ಲ. ಜಾಕ್ಸನ್ ಕೂಡ ರಾಜನಾಗಿಯೇ ಮಾಡಿದರು.

ಕೆಲಸದ ಮಾತು ಸ್ವಲ್ಪ. ಗಡ್ಡ ಅಂಟಿಸಬೇಡಿ. ಸಣ್ಣ ರಂಗಮಂದಿರದಲ್ಲಿ ಮುಂದಿನ ಸಾಲಿನವರು ಮೂರು ಗಂಟೆ ಆ ಗಡ್ಡದ ಅಂಟನ್ನೇ ನೋಡುತ್ತಾ ಕೂರುತ್ತಾರೆ. ದನಿಯನ್ನು ಒತ್ತಿ ದಪ್ಪ ಮಾಡಿಸಬೇಡಿ, ಬಿರುಗಾಳಿಯ ದೃಶ್ಯ ಬರುವ ಹೊತ್ತಿಗೆ ಗಂಟಲು ಕಟ್ಟಿಹೋಗುತ್ತದೆ. ನಿಲ್ಲುವ ರೀತಿ, ಕೂರುವ ರೀತಿ, ತಾನು ಮಾತು ಮುಗಿಸುವವರೆಗೆ ಬೇರೆಯವರು ಕಾಯಲೇಬೇಕು ಅನ್ನುವ ಗತ್ತು, ಇವು ಬಂದರೆ ರಾಜ ಬಂದ ಹಾಗೆ. ಸುತ್ತ ಇರುವ ಪಾತ್ರಗಳು ಮೊದಲ ದೃಶ್ಯದಲ್ಲಿ ಅವರಿಗೆ ಹೆದರಬೇಕು. ಅವರು ಹೆದರಿದರೆ ಪ್ರೇಕ್ಷಕರು ಒಪ್ಪುತ್ತಾರೆ. ಜನ ಕಡಿಮೆ ಇದ್ದರೆ ಲಿಯರ್‌ನ ಕಿರಿಯ ಮಗಳು ಕಾರ್ಡೀಲಿಯಾ ಮತ್ತು ಅವನ ವಿದೂಷಕ, ಎರಡನ್ನೂ ಒಬ್ಬರಿಗೇ ಕೊಡಿ. ಅವರಿಬ್ಬರೂ ಒಟ್ಟಿಗೆ ರಂಗದ ಮೇಲೆ ಬರುವುದೇ ಇಲ್ಲ. ಬ್ರಾಡ್‌ವೇಯಲ್ಲಿ ರೂತ್ ವಿಲ್ಸನ್ ಎರಡನ್ನೂ ಮಾಡಿದ್ದರು, ಲಿಯರ್‌ನ ಆಸ್ಥಾನದ ಹಿರಿಯ ಗ್ಲಾಸ್ಟರ್‌ನ ಪಾತ್ರ ಕೂಡ ಅಲ್ಲಿ ಜೇನ್ ಹೌಡಿಶೆಲ್ ಅನ್ನುವ ನಟಿಯದೇ.

ಪ್ರ: ಹೆಂಗಸರು ಗಂಡು ಪಾತ್ರಗಳನ್ನೂ ತೆಗೆದುಕೊಂಡರೆ ನಮ್ಮಂಥ ನಟರಿಗೆ ಉಳಿಯುವುದೇನು?
— ಕೆಂಗೇರಿಯ ಯುವನಟ

ಉ: ಲಿಯರ್ ನಾಟಕದಲ್ಲಿ ಹೆಣ್ಣು ಪಾತ್ರ ಮೂರೇ ಮೂರು. ಮಿಕ್ಕಿದ್ದೆಲ್ಲ ಗಂಡಸರದ್ದು. ಹಿರಿಯ ನಟಿಗೆ ಅದರಲ್ಲಿ ಒಂದೂ ಇಲ್ಲ, ಯಾಕೆಂದರೆ ಆ ಮೂರು ಹುಡುಗಿಯರ ತಾಯಿ ನಾಟಕದಲ್ಲಿ ಇಲ್ಲವೇ ಇಲ್ಲ. ನಿಮಗೆ ಎಡ್ಮಂಡ್, ಎಡ್ಗರ್, ಕೆಂಟ್ ಇದ್ದಾರೆ. ಎಡ್ಗರ್ ಸಿಕ್ಕರೆ ಬಿಡಬೇಡಿ.

ಪ್ರ: ಕನ್ನಡದಲ್ಲಿ ಲಿಯರ್ ಓದಬೇಕು. ಯಾವುದು ಓದಲಿ?
— ಗಿರಿನಗರದ ಓದುಗರು

ಉ: ಮಾಸ್ತಿಯವರ ಅನುವಾದದಿಂದ ಶುರು ಮಾಡಿ. ನಿಮ್ಮ ಪಕ್ಕದ ಗವಿಪುರದಲ್ಲೇ ಬಾಳಿದವರು. ಎಚ್. ಎಸ್. ಶಿವಪ್ರಕಾಶರೂ ಲಿಯರನ್ನು ಕನ್ನಡಕ್ಕೆ ತಂದಿದ್ದಾರೆ. ಹಳೆಯದರ ರುಚಿ ಬೇಕಾದರೆ ಎಂ. ಎಸ್. ಪುಟ್ಟಣ್ಣನವರ 'ಹೇಮಚಂದ್ರರಾಜ ವಿಲಾಸ' ಇದೆ. 1899ರದ್ದು. ಲಿಯರ್ ಅಲ್ಲಿ ಹೇಮಚಂದ್ರ ಆಗಿದ್ದಾನೆ. ಸಾರಾ ಬರ್ನಾರ್ಡ್ ಪ್ಯಾರಿಸ್ಸಿನಲ್ಲಿ ಹ್ಯಾಮ್ಲೆಟ್ ಆದ ವರ್ಷವೇ ಅದೂ ಬಂದದ್ದು. ಅದು ಮುಗಿದ ಮೇಲೆ ಕುವೆಂಪು ಅವರ 'ರಕ್ತಾಕ್ಷಿ' ಓದಿ. ಹ್ಯಾಮ್ಲೆಟ್ ಕಥೆಯನ್ನು ಬಿದನೂರಿಗೆ ತಂದು ನೆಟ್ಟಿದ್ದಾರೆ, ಅದನ್ನೂ ಯಾರಾದರೂ ನಟಿಯ ಕೈಗೆ ಕೊಟ್ಟು ನೋಡಬೇಕು ಅಂತ ನನಗೆ ಬಹಳ ಆಸೆ.

ಓದುವಾಗ ಒಂದು ವಿಷಯ ಗಮನಿಸಿ. ಮೂಲವನ್ನು ಮುಟ್ಟಬಾರದು ಅನ್ನುವವರಿಗೆ ಇದು ಉತ್ತರವೂ ಹೌದು. ನೇಹಮ್ ಟೇಟ್ ಅನ್ನುವವರು 1681ರಲ್ಲಿ ಲಿಯರ್ ನಾಟಕದ ಕೊನೆಯನ್ನೇ ಬದಲಿಸಿದ್ದರು. ಕಾರ್ಡೀಲಿಯಾ ಸಾಯುವುದಿಲ್ಲ, ಮದುವೆ ನಿಶ್ಚಯವಾಗುತ್ತದೆ, ಲಿಯರ್‌ಗೆ ರಾಜ್ಯ ವಾಪಸ್ ಸಿಗುತ್ತದೆ, ವಿದೂಷಕ ನಾಟಕದಲ್ಲೇ ಇಲ್ಲ. ಇಂಗ್ಲೆಂಡಿನ ಜನ ಸುಮಾರು 150 ವರ್ಷ ರಂಗದ ಮೇಲೆ ನೋಡಿದ್ದು ಈ ಲಿಯರನ್ನೇ. ಶೇಕ್ಸ್‌ಪಿಯರ್ ಅದನ್ನೂ ದಾಟಿ ಬಂದಿದ್ದಾನೆ. ನಟಿಯೊಬ್ಬರು ಪಾತ್ರ ಮಾಡಿದರೆ ಒಂದು ಸಾಲೂ ಬದಲಾಗಬೇಕಾಗಿಲ್ಲ.

ಪ್ರ: ಎಂಟು ವರ್ಷದ ಮಗಳನ್ನು ಲಿಯರ್ ನೋಡಲು ಕರೆದುಕೊಂಡು ಹೋಗಬಹುದಾ?
— ಯಲಹಂಕದ ತಾಯಿ

ಉ: ಬೇಡ. ರಂಗದ ಮೇಲೆಯೇ ಗ್ಲಾಸ್ಟರ್‌ನ ಕಣ್ಣು ಕೀಳುತ್ತಾರೆ. ಇನ್ನೊಂದಿಷ್ಟು ವರ್ಷ ಬಿಟ್ಟು ಕರೆದುಕೊಂಡು ಹೋಗಿ. ಈಗ ಬೇಕಾದರೆ ರಂಗಶಂಕರದ ಮಕ್ಕಳ ನಾಟಕಗಳಿಗೆ ಹೋಗಿ, ಆದರೆ ಸಮಯಕ್ಕೆ ಮುಂಚೆ ಹೊರಡಿ. ಯಲಹಂಕದಿಂದ ಜೆ. ಪಿ. ನಗರ ದೂರ, ಅಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ.

ಪ್ರ: ನನಗೆ 67. ಚಿಕ್ಕಂದಿನಿಂದ ನಾಟಕ ಮಾಡುತ್ತಿದ್ದೇನೆ. ಮೊದಲು ನಾಯಕಿ, ಆಮೇಲೆ ಅತ್ತಿಗೆ, ಆಮೇಲೆ ತಾಯಿ, ಈಗ ಮಂಚದ ಮೇಲೆ ಕೆಮ್ಮುವ ಅಜ್ಜಿ. ಒಂದು ತಂಡದವರು ಲಿಯರ್ ಮಾಡುತ್ತೀರಾ ಅಂತ ಕೇಳಿದ್ದಾರೆ. ನಿದ್ದೆ ಬರುತ್ತಿಲ್ಲ. ಅಷ್ಟು ಮಾತು ನೆನಪಿರುತ್ತಾ? ಜನ ನಗುವುದಿಲ್ಲವಾ? ಮಂಡಿ ನೋವು ಬೇರೆ ಇದೆ.
— ಮಲ್ಲೇಶ್ವರದ ಕಲಾವಿದೆ

ಉ: ಅಮ್ಮಾ, ಒಪ್ಪಿಕೊಳ್ಳಿ.

ನಿಮ್ಮ ಪತ್ರದಲ್ಲಿ ಇರುವ ಆ ಪಟ್ಟಿ, ನಾಯಕಿಯಿಂದ ಕೆಮ್ಮುವ ಅಜ್ಜಿಯವರೆಗೆ, ಅದನ್ನು ಓದಿ ನನಗೆ ಹೊಟ್ಟೆ ಉರಿಯಿತು. ಒಬ್ಬ ನಟನಿಗೆ ವಯಸ್ಸಾದಂತೆ ಪಾತ್ರಗಳು ದೊಡ್ಡದಾಗುತ್ತಾ ಹೋಗುತ್ತವೆ. ಹ್ಯಾಮ್ಲೆಟ್ ಆದವನು ಮ್ಯಾಕ್‌ಬೆತ್ ಆಗುತ್ತಾನೆ, ಪ್ರಾಸ್ಪೆರೊ ಆಗುತ್ತಾನೆ, ಕೊನೆಗೆ ಲಿಯರ್ ಆಗುತ್ತಾನೆ. ನಟಿಗೆ ವಯಸ್ಸಾದಂತೆ ಮಾತು ಕಡಿಮೆ ಆಗುತ್ತದೆ, ಮಂಚ ಸಿಗುತ್ತದೆ. ಕಸುಬು ಪೂರ್ತಿ ಕೈಗೆ ಬಂದ ಹೊತ್ತಿಗೆ ಅದನ್ನು ಬಳಸಲು ಜಾಗವೇ ಇಲ್ಲ. ಬೆಂಗಳೂರಿನಲ್ಲಿ ನಿಮ್ಮಂಥವರು ಎಷ್ಟೋ ಜನ ಇದ್ದಾರೆ. ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಸಿಕ್ಕಾಗ ನಮಸ್ಕಾರ ಹೇಳುತ್ತೇವೆ, ಪ್ರಶಸ್ತಿಗೆ ಹೆಸರು ಸೂಚಿಸುತ್ತೇವೆ, ಪಾತ್ರ ಮಾತ್ರ ಕೊಡುವುದಿಲ್ಲ. ನಿಮಗೆ ಒಂದು ತಂಡ ಕೊಡಲು ಬಂದಿದೆ. ಯಾರು ನಗುತ್ತಾರೆ ಅಂತ ಈಗಲೇ ಚಿಂತೆ ಮಾಡಬೇಡಿ. ನಗುವವರು ಮೊದಲ ದೃಶ್ಯದವರೆಗೆ ನಗುತ್ತಾರೆ.

ಮಾತಿನ ವಿಷಯ. ಲಿಯರ್ ಪಾತ್ರ ದೊಡ್ಡದು ನಿಜ, ಆದರೆ ನಾಟಕದ ನಡುವೆ ಅವನಿಗೆ ಬಹಳ ಹೊತ್ತು ಬಿಡುವು ಇದೆ. ಬಿರುಗಾಳಿಯ ದೃಶ್ಯಗಳು ಮುಗಿದ ಮೇಲೆ ಅವನು ರಂಗಕ್ಕೆ ವಾಪಸ್ ಬರುವುದು ನಾಲ್ಕನೇ ಅಂಕದ ಕೊನೆಯ ಕಡೆ. ಆ ಹೊತ್ತಿನಲ್ಲಿ ಗ್ರೀನ್ ರೂಮಿನಲ್ಲಿ ಕಾಲು ಚಾಚಿ ಕೂತುಕೊಂಡು ಬಿಸಿ ನೀರು ಕುಡಿಯಿರಿ. ತಾಲೀಮು ಶುರುವಾಗುವ ಮುಂಚೆಯೇ ಮಾತು ಬಾಯಿಪಾಠ ಮಾಡಿಬಿಡಿ. ಕಂಪನಿ ಕಾಲದವರು ಮಾಡುತ್ತಿದ್ದ ಹಾಗೆ ದಿನಾ ಬೆಳಿಗ್ಗೆ ಗಟ್ಟಿಯಾಗಿ ಹೇಳಿ, ಮನಸ್ಸಿನಲ್ಲಿ ಅಲ್ಲ. ಬಿರುಗಾಳಿಯ ಮಾತನ್ನು ಗುಡುಗಿನ ಸೌಂಡ್ ಮೇಲೆ ಕಿರುಚಿ ಹೇಳಿಸಲು ಹೊರಟರೆ ಒಪ್ಪಬೇಡಿ. ನಿಮ್ಮ ಮಾತಿನ ನಡುವೆ ಗುಡುಗು ಬರಲಿ, ಮಾತಿನ ಮೇಲೆ ಬೇಡ ಅಂತ ಸೌಂಡ್ ನೋಡಿಕೊಳ್ಳುವವರಿಗೆ ಹೇಳಿ.

ಮಂಡಿ ನೋವಿನ ವಿಷಯವನ್ನು ನಿರ್ದೇಶಕರಿಗೆ ಮೊದಲ ದಿನವೇ ಹೇಳಿಬಿಡಿ, ಮುಚ್ಚಿಡಬೇಡಿ. ಎರಡು ಕಡೆ ತೊಂದರೆ ಆಗುತ್ತದೆ. ಒಂದು, ಕಾರ್ಡೀಲಿಯಾ ಎದುರು ಲಿಯರ್ ಮಂಡಿ ಊರಲು ಹೋಗುವ ಜಾಗ. ಅಲ್ಲಿ ಅವಳು ತಡೆಯುತ್ತಾಳೆ, ಆದ್ದರಿಂದ ಅರ್ಧ ಬಗ್ಗಿದರೂ ಸಾಕು. ಬಗ್ಗಲು ಕಷ್ಟಪಡುವುದು ಪಾತ್ರಕ್ಕೇ ಸೇರುತ್ತದೆ. ಇನ್ನೊಂದು, ಕೊನೆಯಲ್ಲಿ ಸತ್ತ ಮಗಳನ್ನು ಎತ್ತಿಕೊಂಡು ಬರುವುದು. ಇದು ಗಟ್ಟಿಮುಟ್ಟಾದ ಗಂಡಸು ನಟರಿಗೂ ಕಷ್ಟವೇ. ಸೈನಿಕರು ಹೊತ್ತು ತರಲಿ, ನೀವು ಅವಳ ತಲೆಗೆ ಕೈ ಕೊಟ್ಟುಕೊಂಡು ಜೊತೆಗೆ ಬನ್ನಿ. ಅಥವಾ ಪರದೆ ಸರಿದಾಗ ಅವಳು ನಿಮ್ಮ ತೊಡೆಯ ಮೇಲೆಯೇ ಇರಲಿ. ಯಾವುದು ಅಂತ ಒಪ್ಪಂದ ಆದ ಮೇಲೆ ತಾಲೀಮು ಶುರು ಮಾಡಿ, ಶೋ ಹತ್ತಿರ ಬಂದಾಗ ಬದಲಿಸಲು ಬಿಡಬೇಡಿ. ದಿನಾಂಕ ಗೊತ್ತಾದ ತಕ್ಷಣ ಪತ್ರಿಕೆಗೆ ಬರೆಯಿರಿ, ಈ ಪುಟದಲ್ಲೇ ಹಾಕುತ್ತೇನೆ.